ಬೊಟ್ಟು ಸೊರ ಮತ್ತು ಕ್ಯಾಲನೂರಿನ ಬಾಣಂತಿ

ಕೋಲಾರ ಜಿಲ್ಲೆಯ ಸಮಸ್ತ ಮಹಾಜನಗಳ ಗಮನಕ್ಕೆ ಅತ್ಯಂತ ಗಾಂಭೀರ್ಯದಿಂದ ತರಬಯಸುವ ಸಂಗತಿಯೇನೆಂದರೆ, ಕಳೆದ ಆಷಾಢದ ಒಂದು ಭಾನುವಾರ ಬೆಳಿಗ್ಗೆ ಮುಳಬಾಗಿಲಿನ ಕುಮಾರಿ ಮೇಧಾ ಅವರು ಕೋಲಾರದ ಮೀನು ಮಾರ್ಕೆಟ್ಟಿಗೆ ಚಿತ್ತೈಸಿ, ಅಲ್ಲಿದ್ದ ಮೀನುಗಳ ಮುಖವನ್ನೆಲ್ಲ ಒಂದೊಂದಾಗಿ ಅವಲೋಕಿಸಿ, ಏನನ್ನೂ ಕೊಳ್ಳದೆ ಬಸ್ ಹತ್ತಿ ವಾಪಸಾದರು. ಘಟನೆಯಲ್ಲಿ ಯಾರಿಗೂ ಗಾಯಗಳಾಗಿಲ್ಲ. ಮೀನುಗಳು ಮೊದಲೇ ತೀರಿಕೊಂಡಿದ್ದವು.

ಇದೇ ಘಟನೆ ಅದರ ಹಿಂದಿನ ಭಾನುವಾರವೂ ಸಂಭವಿಸಿತ್ತು, ಅದರ ಹಿಂದಿನ ಭಾನುವಾರವೂ. ಹಾಗಾಗಿ ಮಾರ್ಕೆಟ್ಟಿನವರು ಅವಳಿಗೆ ‘ನೋಡೋ ಮೇಡಂ’ ಎಂದು ಹೆಸರಿಟ್ಟಿದ್ದರು. ಕೊಳ್ಳುವವರು ಬಂದರೆ ಅವಳನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಯಾರೂ ಬಾರದಿದ್ದರೆ ಸ್ಟೂಲು ಹಾಕಿ ಚಹಾ ಕೊಡುತ್ತಿದ್ದರು.

ಮೇಧಾ ಕೋಲಾರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಅಂದಮಾತ್ರಕ್ಕೆ ಊಟಕ್ಕೆ ಕರೆಯುತ್ತಾರೆ ಅಂದುಕೊಳ್ಳಬೇಡಿ. ಯಾವಾಗ ಬೇಕಾದರೂ ಹೊರಡಿ ಅನ್ನುವ ಹಕ್ಕಿಗೆ ಇಟ್ಟ ಮರ್ಯಾದೆಯ ಹೆಸರದು. ತಾತ ದೇವಸ್ಥಾನದ ಅರ್ಚಕರು, ತಂದೆ ರಾಮಚಂದ್ರ ಲೆಕ್ಕಪತ್ರದವರು, ತಾಯಿ ತಿರುಮಲಮ್ಮ ಈರುಳ್ಳಿಯನ್ನೂ ಹಿತ್ತಲ ಬಾಗಿಲಿಂದಲೇ ಒಳಗೆ ಬಿಟ್ಟುಕೊಳ್ಳುವವರು. ಇಂಥ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಶಾರ್ಕ್ ಮೀನಿನ ಹುಚ್ಚು ಹೇಗೆ ಹತ್ತಿತೋ ಆ ತಿರುಪತಿ ತಿಮ್ಮಪ್ಪನಿಗೇ ಗೊತ್ತು. ತಿಮ್ಮಪ್ಪನದೂ ಇದರಲ್ಲಿ ಸ್ವಲ್ಪ ಪಾಲಿದೆ. ಆ ಮನೆಯ ಪ್ರವಾಸಗಳೆಲ್ಲ ತಿರುಪತಿಗೇ. ಇನ್ನು ಸ್ವಲ್ಪ ಮುಂದೆ ಹೋದರೆ ಸಮುದ್ರ ಅನ್ನುವ ಹೊತ್ತಿಗೆ ಎಲ್ಲರೂ ಮುಡಿ ಕೊಟ್ಟು, ಲಾಡು ಹಿಡಿದು ಊರಿನ ಬಸ್ಸು ಹತ್ತಿರುತ್ತಿದ್ದರು. ಶಾರ್ಕಿನ ಹಲ್ಲು, ರೆಕ್ಕೆ, ಕಿವಿರುಗಳ ಬಗ್ಗೆ ಗಂಟೆಗಟ್ಟಲೆ ಪಾಠ ಮಾಡಬಲ್ಲ ಮೇಧಾ ಸಮುದ್ರವನ್ನು ಕಣ್ಣಾರೆ ಕಂಡಿರಲಿಲ್ಲ.

ಸಮುದ್ರ ಮಾತ್ರ ದಿನಾ ಅವಳ ಮನೆ ಮುಂದೆಯೇ ಹಾದುಹೋಗುತ್ತಿತ್ತು. ಚೆನ್ನೈ ಬಂದರಿನಿಂದ ಮೀನಿನ ಪೆಟ್ಟಿಗೆ ಹೊತ್ತ ಲಾರಿಗಳು ಮುಳಬಾಗಿಲು ದಾಟಿ ಕೋಲಾರಕ್ಕೆ ಬರುವಾಗ ಕರಗಿದ ಐಸಿನ ನೀರು ಹೆದ್ದಾರಿಯುದ್ದಕ್ಕೂ ತೊಟ್ಟಿಕ್ಕುತ್ತದೆ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳುತ್ತಾರೆ. ಮೇಧಾ ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಿದ್ದಳು.

ಹೀಗಿರುವಾಗ ಚೆನ್ನೈನ ಒಂದು ಸಂಶೋಧನಾ ತಂಡ ಪ್ರಕಟಣೆ ಹೊರಡಿಸಿತು. ಎಷ್ಟೋ ವರ್ಷಗಳಿಂದ ಯಾರ ಕಣ್ಣಿಗೂ ಬೀಳದ ಶಾರ್ಕ್ ಮತ್ತು ತಿರ್ಕೆ ಮೀನುಗಳದ್ದೊಂದು ಪಟ್ಟಿ ಅವರ ಬಳಿ ಇತ್ತು. ತಿರ್ಕೆ ಅಂದರೆ ಚಪಾತಿಗೆ ಬಾಲ ಬಂದಂತಿರುವ ಮೀನು. ಪಟ್ಟಿಯ ಮೊದಲ ಹೆಸರು ‘ಬೊಟ್ಟು ಸೊರ’. ಶಾರ್ಕನ್ನು ನಮ್ಮ ಗಡಿಸೀಮೆಯಲ್ಲಿ ಸೊರ ಅನ್ನುತ್ತಾರೆ. ಇದು ಮೊಳದುದ್ದದ ಪುಟ್ಟ ಸೊರ. ಗಲ್ಲದಡಿ ಕೂಸಿಗಿಟ್ಟ ದೃಷ್ಟಿಬೊಟ್ಟಿನ ಹಾಗೆ ಒಂದು ಕಪ್ಪು ಚುಕ್ಕೆ. ಇದನ್ನು ಹುಡುಕಲೆಂದೇ ಡಿಸೆಂಬರಿನಲ್ಲಿ ಒಂದು ಹಡಗು ಹೊರಡಲಿದೆ, ಸುಳಿವು ಕೊಟ್ಟವರಿಗೆ ಆ ಹಡಗಿನಲ್ಲಿ ಒಂದು ಜಾಗ ಕಾದಿರಿಸಲಾಗಿದೆ ಎಂದು ಪ್ರಕಟಣೆ ಹೇಳಿತ್ತು.

ಹಡಗಿನಲ್ಲಿ ಒಂದು ಜಾಗ. ಮೇಧಾಗೆ ಬೇಕಿದ್ದದ್ದು ಅಷ್ಟೇ. ಕಾಯಂ ನೌಕರಿಯೂ ಅಲ್ಲ, ವರನೂ ಅಲ್ಲ. ಹಡಗಿನ ಅಂಚು ಹಿಡಿದು ನಿಂತು, ಇಷ್ಟು ದಿನ ಐಸಿನ ಮೇಲೆ ಮಲಗಿದ್ದ ಮೀನುಗಳು ಜೀವ ಇದ್ದಾಗ ಹೇಗೆ ತಿರುಗಾಡುತ್ತವೆ ಎಂದು ನೋಡಬೇಕಿತ್ತು. ಅದಕ್ಕೇ ಪ್ರತಿ ಭಾನುವಾರದ ಮುಖಾವಲೋಕನ.

ಮಾರ್ಕೆಟ್ಟಿನಲ್ಲಿ ಅವಳಿಗೆ ಹೆಚ್ಚು ಚಹಾ ಕೊಟ್ಟವನು ಲಿಯಾಖತ್. ಅಜ್ಜನ ಕಾಲದ ಅಂಗಡಿ. ಸೊರಗಳೆಲ್ಲ ಒಂದೇ ಜಾತಿ, ಸಣ್ಣದು ಮಗು ದೊಡ್ಡದು ಅಪ್ಪ ಎಂಬುದು ಅವನ ಖಚಿತ ಅಭಿಪ್ರಾಯ. ಅದನ್ನು ತಿದ್ದಲು ಮೇಧಾ ಹಲವು ಭಾನುವಾರ ಖರ್ಚು ಮಾಡಿದ್ದಳು, ಅಭಿಪ್ರಾಯ ಹಾಗೇ ಇತ್ತು. ಆ ಆಷಾಢದ ಭಾನುವಾರ ಅವಳ ಕಣ್ಣು ಅವನ ಸ್ಕೂಟರಿನ ಕಾಲಿಡುವ ಜಾಗದಲ್ಲಿದ್ದ ಒಂದು ಒದ್ದೆ ಗೋಣಿಚೀಲದ ಗಂಟಿನ ಮೇಲೆ ಬಿತ್ತು. ಎಲ್ಲ ಮೀನೂ ಹಲಗೆಯ ಮೇಲೆ ಮಲಗಿರುವಾಗ ಇದಕ್ಕೆ ಮಾತ್ರ ಏಕೆ ಈ ಪರದೆ?

“ಅದರಲ್ಲೇನಿದೆ ಲಿಯಾಖತ್ ಭಾಯ್?”

“ಅದು ಬಾಣಂತಿ ಮಾಲು ಮೇಡಂ. ತೋರ್ಸಂಗಿಲ್ಲ.”

“ಯಾಕೆ?”

“ನಜರ್ ಆಗ್ತದೆ. ಇಲ್ಲಿ ನೀವು ನೋಡ್ಬಿಟ್ಟು, ಅಲ್ಲಿ ಹಾಲು ನಿಂತೋದ್ರೆ ಆ ಮನೆ ಹೆಂಗಸ್ರು ನನ್ನನ್ನೇ ಪುಟ್ಟು ಮಾಡ್ತಾರೆ.”

ಹೀಗೆ ಮೇಧಾಗೆ ಒಂದು ಹೊಸ ಶಾಸ್ತ್ರದ ಪರಿಚಯವಾಯಿತು. ಹೆತ್ತವಳಿಗೆ ಎದೆಹಾಲು ಹೆಚ್ಚಲಿ ಎಂದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಪುಟ್ಟ ಸೊರ ತರಿಸುತ್ತಾರೆ. ಪಾಲ ಸೊರ, ಅಂದರೆ ಹಾಲಿನ ಸೊರ, ಅನ್ನುತ್ತಾರೆ. ಅದನ್ನು ಬೇಯಿಸಿ, ಚರ್ಮ ತೆಗೆದು, ಉದುರು ಮಾಡಿ, ಬೆಳ್ಳುಳ್ಳಿ, ಮೆಣಸು, ಅರಿಶಿನ ಹಾಕಿ ಹುರಿದರೆ ಸೊರ ಪುಟ್ಟು. ಆದರೆ ಬಾಣಂತಿ ಉಣ್ಣುವ ಮೊದಲು ಹೊರಗಿನವರು ಆ ಮೀನನ್ನು ನೋಡಕೂಡದು. ಬಂದರಿನಲ್ಲೇ ಆರ್ಡರಿನ ಮೇಲೆ ಗಂಟು ಕಟ್ಟುತ್ತಾರೆ, ಗಂಟಿನಲ್ಲೇ ಲಾರಿ ಹತ್ತುತ್ತದೆ, ಗಂಟಿನಲ್ಲೇ ಅಡುಗೆಮನೆ ಸೇರುತ್ತದೆ. ತೂಕ ಹಾಕುವುದೂ ಗಂಟಿನ ಸಮೇತ. ಲಿಯಾಖತ್ ಇಷ್ಟು ವರ್ಷ ಹೊತ್ತು ತಿರುಗಿದರೂ ಒಂದು ಗಂಟನ್ನೂ ಬಿಚ್ಚಿದವನಲ್ಲ.

ಚಹಾದ ಲೋಟ ಕೈಯಲ್ಲೇ ಉಳಿಯಿತು. ಅತ್ತ ದೊಡ್ಡ ದೊಡ್ಡ ವಿಜ್ಞಾನಿಗಳು ಪುಟ್ಟ ಸೊರಕ್ಕಾಗಿ ದುರ್ಬೀನು ಹಿಡಿದು ಕಡಲನ್ನೇ ಜಾಲಾಡುತ್ತಿದ್ದಾರೆ. ಇತ್ತ ಪುಟ್ಟ ಸೊರಗಳನ್ನು ಯಾರೂ ನೋಡದಂತೆ ಸಾಗಿಸುವ ಇಷ್ಟು ಪಕ್ಕಾ ವ್ಯವಸ್ಥೆ ತಲೆಮಾರುಗಳಿಂದ ನಡೆದು ಬಂದಿದೆ. ಇನ್ನು ಕಾಣುವುದಾದರೂ ಎಲ್ಲಿಂದ?

ಅಂದಿನಿಂದ ಮೇಧಾ ಮೀನು ಹುಡುಕುವುದನ್ನು ನಿಲ್ಲಿಸಿ ಬಾಣಂತಿಯರನ್ನು ಹುಡುಕತೊಡಗಿದಳು. ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಹೆರಿಗೆ ಆಸ್ಪತ್ರೆಯ ಮುಂದಿನ ಎಳನೀರು ಅಂಗಡಿಯಲ್ಲಿ, ಯಾರಿಗೆ ಎಷ್ಟು ತಿಂಗಳು, ಯಾರಿಗೆ ಎಂದು ಹೆರಿಗೆ, ಮನೆಯಲ್ಲಿ ಮೀನು ಉಣ್ಣುತ್ತಾರೋ ಎಂದು ವಿಚಾರಿಸಿದಳು. ಟೇಕಲ್ಲಿನಲ್ಲಿ ಒಂದು ಮನೆಯವರು ಅವಳನ್ನು ಸರ್ಕಾರದ ಕಡೆಯವಳೆಂದು ತಿಳಿದು ಪೌಷ್ಟಿಕ ಆಹಾರದ ಪೊಟ್ಟಣ ಯಾವಾಗ ಬರುತ್ತದೆಂದು ಜೋರು ಮಾಡಿದರು. ಶ್ರೀನಿವಾಸಪುರದವರು ಹಾಗಲ್ಲ, ಸಜ್ಜನರು. ಮೀನು ತೋರಿಸುವುದಿಲ್ಲ ಎಂದು ಕೈಮುಗಿದು ಹೇಳಿ, ಚೀಲದ ತುಂಬ ಮಾವಿನಹಣ್ಣು ಕೊಟ್ಟು ಕಳಿಸಿದರು.

ಮಾವಿನಹಣ್ಣು ಮುಳಬಾಗಿಲು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ತಿರುಮಲಮ್ಮನವರ ಮಗಳು, ಇನ್ನೂ ಮದುವೆಯಾಗದವಳು, ಹೆರಿಗೆ ಆಸ್ಪತ್ರೆಯ ಸುತ್ತ ಸುಳಿದಾಡುತ್ತಿದ್ದಾಳಂತೆ. ಆ ದಿನ ಸಾರು ಬಡಿಸುವಾಗ ತಿರುಮಲಮ್ಮನವರ ಸೌಟು ಎಲೆಯ ಮೇಲೆಯೇ ನಿಂತಿತು.

“ಆಸ್ಪತ್ರೆ ಹತ್ರ ನಿಂಗೇನೇ ಕೆಲ್ಸ? ಏನಿದ್ರೂ ಹೇಳ್ಬಿಡು ಕಣೇ. ನಾನು ಗಟ್ಟಿ ಮನಸ್ಸು ಮಾಡ್ಕೊಂಡಿದೀನಿ.”

“ಮೀನು ಹುಡುಕ್ತಿದೀನಮ್ಮ.”

ತಿರುಮಲಮ್ಮನವರು ನಿಜಕ್ಕೂ ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದರು. ಮಗಳು ಯಾರನ್ನಾದರೂ ಮೆಚ್ಚಿರಬಹುದು, ಹುಡುಗ ಬೇರೆ ಜಾತಿಯಿರಬಹುದು, ಗುಟ್ಟಾಗಿ ಮದುವೆಯೇ ಆಗಿರಬಹುದು. ಎಲ್ಲಕ್ಕೂ ಉತ್ತರ ಹೊಂದಿಸಿಟ್ಟಿದ್ದರು. ಮೀನಿಗೆ ಮಾತ್ರ ಏನೂ ಹೊಂದಿಸಿರಲಿಲ್ಲ. ರಾಮಚಂದ್ರ ಮಾತ್ರ ತಲೆಯೆತ್ತದೆ, ತಿಂದರೆ ತಪ್ಪು, ಬರೀ ನೋಡಿದರೆ ಅದಕ್ಕೆ ಜಿಎಸ್‌ಟಿ ಸಹ ಇಲ್ಲ ಎಂದು ತೀರ್ಪು ಕೊಟ್ಟು ಮಜ್ಜಿಗೆ ಕೇಳಿದರು.

ಮೇಧಾ ಎಲ್ಲವನ್ನೂ ಹೇಳಿದಳು. ಹಡಗು, ಬೊಟ್ಟು, ಗಂಟು, ಯಾವ ಮನೆಯವರೂ ಗಂಟು ಬಿಚ್ಚಿ ತೋರಿಸದಿದ್ದದ್ದು. ತಿರುಮಲಮ್ಮನವರಿಗೆ ಹಡಗು ಅರ್ಥವಾಗಲಿಲ್ಲ; ಬಾಣಂತನ ಚೆನ್ನಾಗಿ ಅರ್ಥವಾಯಿತು.

“ಬರೀ ಕೈ ಬೀಸ್ಕೊಂಡು ಹೋಗಿ, ಬಾಣಂತಿ ಊಟ ತೋರ್ಸಿ ಅಂದ್ರೆ ಯಾರೇ ತೋರಿಸ್ತಾರೆ? ನಾನಾಗಿದ್ರೆ ಪೊರಕೆ ತಗೋತಿದ್ದೆ. ನಾನು ಬರ್ತೀನಿ, ನಡಿ.”

ಅವರು ಬರಲು ಒಪ್ಪಿದ್ದರ ಹಿಂದೆ ಇನ್ನೊಂದು ಕಾರಣವಿತ್ತು. ಒಣಶುಂಠಿ, ಹಿಪ್ಪಲಿ, ಬೆಲ್ಲ, ತುಪ್ಪದಲ್ಲಿ ಅವರು ಕಾಸುವ ಬಾಣಂತಿ ಲೇಹ್ಯಕ್ಕೆ ಮುಳಬಾಗಿಲಿನಲ್ಲಿ ಹೆಸರಿತ್ತು. ಹಾಲು ಹೆಚ್ಚುವುದು ಮೀನಿನಿಂದ ಎಂಬ ಮಾತು ಅವರ ಲೇಹ್ಯಕ್ಕೆ ಮಾಡಿದ ಅವಮಾನದಂತೆ ಕೇಳಿಸಿತ್ತು. ಮಗಳು ಮೀನನ್ನು ಕಾಣಲು ಹೊರಟಳು, ತಾಯಿ ಮೀನನ್ನು ಸೋಲಿಸಲು.

ಲಿಯಾಖತನ ಮುಂದಿನ ಗಂಟು ಕ್ಯಾಲನೂರಿನ ಗಂಗಾಲಕ್ಷ್ಮಿಯ ಮನೆಗೆ ಹೋಗುವುದಿತ್ತು. ಆಕೆಯ ಹಿರಿಮಗಳು ಸುನಂದ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೊಟ್ಟಿಗೆಯಲ್ಲಿ ಸೀಮೆಹಸುಗಳು, ಅಂಗಳದಲ್ಲಿ ಡೈರಿಗೆ ಹೊರಟ ಕ್ಯಾನುಗಳು. ಊರಿಗೆಲ್ಲ ಹಾಲು ಹಾಕುವ ಮನೆಯಲ್ಲಿ ಕೂಸೊಂದಕ್ಕೆ ಹಾಲು ಸಾಲದೆಂಬ ಚಿಂತೆ. ಅಮ್ಮ ಮಗಳು ಹೋಗಿ ನಿಂತಾಗ ಗಂಗಾಲಕ್ಷ್ಮಿ ಸೆರಗು ಬಿಗಿದು ಬಾಗಿಲಿಗೆ ಅಡ್ಡ ನಿಂತಳು. ತಿರುಮಲಮ್ಮ ಏನೂ ವಿವರಿಸಲು ಹೋಗಲಿಲ್ಲ. ಲೇಹ್ಯದ ಡಬ್ಬಿಯ ಮುಚ್ಚಳ ತೆಗೆದರು, ತುಪ್ಪದ ಘಮ ಅವರಿಗಿಂತ ಮೊದಲು ಒಳಗೆ ಹೋಯಿತು. ನಡುಮನೆಯ ಮಂಚದಿಂದ ಸುನಂದ, ಅಮ್ಮಾ, ಅದೇನದು, ಇಲ್ಲಿ ತಾ ಅಂದಳು.

ಸುನಂದ ಒಂದುಂಡೆ ತಿಂದು ಇನ್ನೊಂದಕ್ಕೆ ಕೈಚಾಚಿದಳು. ಗಂಗಾಲಕ್ಷ್ಮಿಯ ಮುಖ ಸಡಿಲವಾಯಿತು. ಆಮೇಲೆ ಮೇಧಾ ಬಂದ ಕಾರಣ ಹೇಳಿದಾಗ ಆಕೆ ಇನ್ನೊಮ್ಮೆ ಲೇಹ್ಯದ ಡಬ್ಬಿಯ ಕಡೆ ನೋಡಿದಳು. ಬಾಣಂತಿಗೆಂದು ಕೈಯಾರೆ ಕಾಸಿ ತಂದವರನ್ನು ಹೊರಗಿನವರು ಅನ್ನುವುದು ಹೇಗೆ?

“ಈಯಮ್ಮ ನಮ್ ಸುನಂದಂಗೆ ದೊಡ್ಡಮ್ಮ ಆದ್ರು ಬಿಡು,” ಎಂದಳು ಕೊನೆಗೆ. “ನೀನು ಅಕ್ಕ. ಮನೆಯೋರ ದಿಷ್ಟಿ ಮನೆಯೋರ್ಗೆ ತಗಲಲ್ಲ. ನೋಡ್ಕೋ. ಮುಟ್ಟಿದ್ರೆ ಕೈ ತೊಳ್ಕೋ.”

ಅಷ್ಟರಲ್ಲಿ ಲಿಯಾಖತ್ ಬಂದು, ಗಂಟನ್ನು ಹಿತ್ತಲ ಕಲ್ಲಿನ ಮೇಲಿಟ್ಟು, ಅಭ್ಯಾಸಬಲದಿಂದ ಮುಖ ತಿರುಗಿಸಿ ನಿಂತ. ತಿರುಮಲಮ್ಮನವರು ಜಗಲಿಯ ತುದಿಯಲ್ಲಿ ಮೂಗಿಗೆ ಸೆರಗೊತ್ತಿಕೊಂಡು ಹಸುಗಳ ಕಡೆ ನೋಡುತ್ತ ಕೂತರು. ಒಲೆಯ ಮೇಲೆ ಎಸರು ಮರಳುತ್ತಿತ್ತು. ಗಂಗಾಲಕ್ಷ್ಮಿ ಗಂಟು ಬಿಚ್ಚಿದಳು.

ಮೂರು ಪುಟ್ಟ ಸೊರಗಳಿದ್ದವು. ಮೇಧಾ ಮೊದಲನೆಯದನ್ನು ಮಗುಚಿ ಗಲ್ಲ ನೋಡಿದಳು. ಬಿಳಿ. ಎರಡನೆಯದೂ ಬಿಳಿ. ಮೂರನೆಯದನ್ನು ಮಗುಚಿದವಳು ಹಾಗೇ ಕೂತುಬಿಟ್ಟಳು. ಗಲ್ಲದಡಿ, ಸರಿಯಾಗಿ ನಟ್ಟನಡುವೆ, ಯಾರೋ ತೋರುಬೆರಳಿನಿಂದ ಕಾಡಿಗೆ ಒತ್ತಿದ ಹಾಗೆ ಒಂದು ಬೊಟ್ಟು. ಒದ್ದೆ ಬಟ್ಟೆಯಲ್ಲಿ ಉಜ್ಜಿದಳು, ಹೋಗಲಿಲ್ಲ. ಅವಳ ಗಂಟಲಿನಿಂದ ಅಮ್ಮಾ ಎಂದು ಹೊರಟ ಸದ್ದಿಗೆ ಹಸುಗಳೂ ತಿರುಗಿದವು. ಮಗಳಿಗೇನೋ ಕಚ್ಚಿತೆಂದು ತಿರುಮಲಮ್ಮನವರು ಸೆರಗು ಬಿಟ್ಟು ಓಡಿಬಂದರು. ಬಂದವರು ನೋಡಬಾರದ್ದನ್ನು ನೋಡಿಯೇಬಿಟ್ಟರು.

“ಪಾಪ,” ಅಂದರು ಬಗ್ಗಿ. “ಅದರಮ್ಮ ದೃಷ್ಟಿಬೊಟ್ಟು ಇಟ್ಟೇ ಕಳಿಸಿದಾಳಲ್ಲೇ ಇದನ್ನ.”

ಮೇಧಾ ಮೀನಿನ ಫೋಟೋಗಳನ್ನು ತೆಗೆದಳು. ಸುನಂದಳ ಹೊಲಿಗೆ ಟೇಪನ್ನು ಪಕ್ಕಕ್ಕಿಟ್ಟು, ಮಗ್ಗುಲಾಗಿಸಿ, ಮಗುಚಿ, ಬಾಯಿ ಬಿಡಿಸಿ. ಇಡೀ ಮೀನನ್ನು ಕೊಡಿ ಎಂದು ಕೇಳಿದಾಗ ಮಾತ್ರ ದೊಡ್ಡಮ್ಮ, ಅಕ್ಕ ಎಂಬ ಸಂಬಂಧಗಳೆಲ್ಲ ಒಂದು ಕ್ಷಣ ಅಲುಗಾಡಿದವು. ಬಾಣಂತಿಯ ಪಾಲು ಬಾಣಂತಿಗೆ ಎಂದಳು ಗಂಗಾಲಕ್ಷ್ಮಿ. ಇದು ದೇಶಕ್ಕೆ ಬೇಕಾದ ಮೀನು ಎಂದಳು ಮೇಧಾ. ದೇಶಕ್ಕೆ ಯಾವಾಗ ಹೆರಿಗೆಯಾಯಿತು ಎಂದು ಗಂಗಾಲಕ್ಷ್ಮಿ ಕೇಳಿದಳು. ಕಡೆಗೆ ರಾಜಿಯಾಯಿತು. ಪುಟ್ಟಿಗೆ ತಲೆ ಹಾಕುವುದಿಲ್ಲ. ತಲೆ ವಿಜ್ಞಾನಕ್ಕೆ, ಮುಂಡ ಸುನಂದಳಿಗೆ. ಹಲ್ಲೂ ಬೊಟ್ಟೂ ತಲೆಯಲ್ಲೇ ಇದ್ದುದರಿಂದ ವಿಜ್ಞಾನಕ್ಕೆ ನಷ್ಟವಾಗಲಿಲ್ಲ, ಹಾಗೇ ಸುನಂದಳಿಗೂ.

ತಲೆಯನ್ನು ಲಿಯಾಖತ್ ಐಸಿನಲ್ಲಿಟ್ಟು, ಚೆನ್ನೈಗೆ ಖಾಲಿ ಹೋಗುವ ಮೀನಿನ ಲಾರಿಯಲ್ಲಿ ಕಳಿಸಿದ. ಕೋಲಾರದಿಂದ ಸಮುದ್ರದ ಕಡೆಗೆ ಮೀನು ರಫ್ತಾದದ್ದು ಇದೇ ಮೊದಲು ಎಂದು ಮಾರ್ಕೆಟ್ಟಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ವಾರ ಕಳೆಯುವುದರೊಳಗೆ ಚೆನ್ನೈನಿಂದ ಸಂದೇಶ ಬಂತು. ಹಲ್ಲು ಸರಿ, ಚುಕ್ಕೆ ಸರಿ, ಅನುಮಾನವೇ ಇಲ್ಲ, ಇದು ಬೊಟ್ಟು ಸೊರ, ಮುಂದಿನದನ್ನು ಫೋನಿನಲ್ಲಿ ತಿಳಿಸುತ್ತೇವೆ. ಮುಳಬಾಗಿಲಿನ ಮನೆಯಲ್ಲಿ ಹಡಗಿನ ತಯಾರಿ ಶುರುವಾಯಿತು. ತಿರುಮಲಮ್ಮನವರು ಉಪ್ಪುಗಾಳಿಗೆ ಮೆತ್ತಗಾಗದಂಥ ಚಕ್ಕುಲಿಯ ಹದ ಯಾವುದೆಂದು ಪ್ರಯೋಗಕ್ಕಿಳಿದರು. ರಾಮಚಂದ್ರ ವಾಂತಿಯ ಮಾತ್ರೆಯನ್ನು ಡಜನ್ ಲೆಕ್ಕದಲ್ಲಿ ತಂದು, ಒಂದನ್ನು ತಾವೇ ನುಂಗಿ ನೋಡಿ, ಮಧ್ಯಾಹ್ನವೆಲ್ಲ ಮಲಗಿದರು. ಪ್ರಿನ್ಸಿಪಾಲರು ಅತಿಥಿಗೆ ರಜೆ ಕೊಡಲು ನಿಯಮವಿಲ್ಲದ್ದರಿಂದ ಸನ್ಮಾನ ಮಾಡುವುದಾಗಿ ಹೇಳಿದರು. ಮೇಧಾ ಒಂದು ದೊಡ್ಡ ಟೋಪಿ ಕೊಂಡು, ಕನ್ನಡಿಯ ಮುಂದೆ ಹಾಕಿಕೊಂಡು, ಸಮುದ್ರ ಇರಬಹುದಾದ ದಿಕ್ಕಿಗೆ ಮುಖ ಮಾಡಿ ನಿಂತುನೋಡಿದಳು.

ಫೋನು ಬಂದಾಗ ಎಲ್ಲರೂ ಕ್ಯಾಲನೂರಿನಲ್ಲಿದ್ದರು. ಸುನಂದಳ ಕೂಸಿನ ನಾಮಕರಣ. ದೊಡ್ಡಮ್ಮನ ಸ್ಥಾನದಲ್ಲಿ ತಿರುಮಲಮ್ಮ, ದೊಡ್ಡಪ್ಪನ ಸ್ಥಾನದಲ್ಲಿ ರಾಮಚಂದ್ರ. ಲಿಯಾಖತ್ ಕೂಸಿಗೆ ಕುಲಾವಿ ತಂದಿದ್ದ. ಕೂಸು ಗುಂಡುಗುಂಡಾಗಿತ್ತು. ಇದು ಸೊರದ್ದೆಂದು ಗಂಗಾಲಕ್ಷ್ಮಿಯೂ ಲೇಹ್ಯದ್ದೆಂದು ತಿರುಮಲಮ್ಮನೂ ಒಳಗೊಳಗೇ ಬೀಗುತ್ತ, ಒಬ್ಬರಿಗೊಬ್ಬರು ಬಲವಂತ ಮಾಡಿ ಬಡಿಸುತ್ತಿದ್ದರು. ಮೇಧಾ ಎಲ್ಲರಿಗೂ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕಿದಳು.

ತಂಡದ ಸಂಚಾಲಕರು ಬೆಂಗಳೂರಿನಲ್ಲಿ ಓದಿದವರು, ಕನ್ನಡದಲ್ಲೇ ಮಾತಾಡಿದರು. ಮೊದಲು ಅಭಿನಂದನೆ. ದೇಶವಿದೇಶದ ವಿಜ್ಞಾನಿಗಳೆಲ್ಲ ಕೋಲಾರ ಎಲ್ಲಿದೆ ಎಂದು ನಕ್ಷೆಯ ಕರಾವಳಿಯಲ್ಲಿ ಹುಡುಕುತ್ತಿದ್ದಾರಂತೆ. ಆಮೇಲೆ ಅವರು ಸ್ವಲ್ಪ ಕೆಮ್ಮಿದರು.

“ಹಡಗಿನ ವಿಚಾರ, ಮೇಡಂ. ಅದನ್ನ ಮಂಜೂರು ಮಾಡಿದ್ದು ಕಾಣೆಯಾದ ಬೊಟ್ಟು ಸೊರನ ಹುಡುಕೋದಕ್ಕೆ. ಈಗ ಅದು ಕಾಣೆಯಾಗಿಲ್ಲ.”

“ಸಿಕ್ಕಿದೆಯಲ್ಲ ಸಾರ್, ಒಳ್ಳೇದೇ ಅಲ್ವಾ?”

“ಒಳ್ಳೇದೇ. ಆದ್ರೆ ಸಿಕ್ಕಿರೋದನ್ನ ಹುಡುಕೋಕೆ ಹಡಗು ಕೊಡಲ್ವಂತೆ. ನಿಮ್ಮ ಜಾಗ ಹಾಗೇ ಇದೆ ಮೇಡಂ, ಅದರಲ್ಲಿ ಅನುಮಾನ ಬೇಡ. ಹಡಗು ಇಲ್ಲ. ನಾವು ಸುಳಿವು ಕೇಳಿದ್ವಿ, ನೀವು ಮೀನೇ ಕಳಿಸಿಬಿಟ್ರಿ.”

ರಾಮಚಂದ್ರ ಒಬ್ಬರೇ, ಅವರು ಹೇಳುವುದು ನಿಯಮದ ಪ್ರಕಾರ ಸರಿಯಾಗಿದೆ ಎಂದು ಮೆಚ್ಚುಗೆಯಿಂದ ತಲೆದೂಗಿದರು; ತಿರುಮಲಮ್ಮ ನೋಡಿದ ನೋಟಕ್ಕೆ ತೂಗಾಟ ಅರ್ಧಕ್ಕೇ ನಿಂತಿತು. ಮೇಧಾಗೆ ಅಳು ಬರಬೇಕಿತ್ತು, ಬರುವ ದಾರಿಯಲ್ಲಿ ಅದು ನಗುವಾಗಿ ತಿರುಗಿಕೊಂಡಿತು. ಅವಳು ಬರೀ ಗಾಳಿಸುದ್ದಿ ಕಳಿಸಿದ್ದರೆ ಸಾಕಿತ್ತು, ಡಿಸೆಂಬರಿನಲ್ಲಿ ಹಡಗಿನ ಮೇಲಿರುತ್ತಿದ್ದಳು. ನಗು ತಡೆದುಕೊಂಡು, ಆ ಹಡಗು ಮತ್ತೆ ಹೊರಡುವ ದಾರಿ ಏನಾದರೂ ಇದೆಯೇ ಎಂದು ಕೇಳಿದಳು.

“ಇದೆ ಮೇಡಂ. ಹತ್ತು ವರ್ಷ ಯಾರ ಕಣ್ಣಿಗೂ ಬೀಳದಿದ್ರೆ ಅದು ಮತ್ತೆ ಕಾಣೆಯಾದ ಪಟ್ಟಿಗೆ ಸೇರತ್ತೆ. ಆಗ ಮೊದಲ ಜಾಗ ನಿಮ್ದೇ.”

ಗಂಗಾಲಕ್ಷ್ಮಿಗೆ ಇದು ಅರ್ಥವಾಗಲಿಲ್ಲ. ರಾಮಚಂದ್ರ ಬಿಡಿಸಿ ಹೇಳಿದರು: ಮುಂದಿನ ಹತ್ತು ವರ್ಷ ಯಾವ ಮನೆಯವರೂ ಸೊರದ ಗಂಟು ಬಿಚ್ಚಬಾರದು, ಹಾಗಾದರೆ ಹುಡುಗಿ ಹಡಗು ಹತ್ತುತ್ತಾಳೆ. ಗಂಗಾಲಕ್ಷ್ಮಿ ಮೇಧಾಳನ್ನು ನಿಜವಾದ ಮರುಕದಿಂದ ನೋಡಿದಳು. ಆಮೇಲೆ ಬಾಳೆಲೆ ತೊಳೆಯುತ್ತಿದ್ದ ತನ್ನ ಕಿರಿಮಗಳ ಕಡೆ ನೋಡಿದಳು.

“ಅದೆಂಗಾಯ್ತದೆ ಸ್ವಾಮಿ? ನಮ್ ಚಿಕ್ಕೋಳಿಗೆ ಆಗ್ಲೇ ಐದು ತಿಂಗ್ಳು.”

ಯಾವ ತಿಂಗಳಿಗೆ ಗಂಟು ಬೇಕಾಗಬಹುದು ಎಂದು ಲಿಯಾಖತ್ ಮೆಲ್ಲಗೆ ವಿಚಾರಿಸಿದ. ಎಷ್ಟು ಲೇಹ್ಯ ಕಾಸಬೇಕಾಗುತ್ತದೆ ಎಂದು ತಿರುಮಲಮ್ಮ ಬೆರಳು ಮಡಚತೊಡಗಿದರು.